ಗೆರೆಯಿಲ್ಲದ ಬೆಟ್ಟ

"ಕೆರೆಯ ಚಿತ್ರವೆಂದು ಬರೆದದ್ದರಲ್ಲಿ ಕೆರೆಯೇ ಕಾಣದಿದ್ದರೆ ಅದನ್ನು ನಿಜವಾದ ಚಿತ್ರ ಎನ್ನಬಹುದೆ, ಗುರುಗಳೇ?" ಎಂದು ಅಡವಯ್ಯ ಕೇಳಿದನು.

ಅಡವಯ್ಯ ಮಠಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಆ ದಿನ ಭಿಕ್ಷೆಗೆ ಹೋದವನು ಒಂದು ಮನೆಯ ಗೋಡೆಯ ಮೇಲೆ ಅಂಥದೊಂದು ಚಿತ್ರವನ್ನು ನೋಡಿ ಬಂದಿದ್ದನು.

"ಅದರಲ್ಲಿ ಏರಿಯಿಲ್ಲ, ದಡವಿಲ್ಲ, ನೀರೂ ಇಲ್ಲ. ಬರೀ ಬಣ್ಣ. ಮನೆಯವರು ಅದನ್ನು ನಮ್ಮೂರ ಕೆರೆ ಎಂದರು. ಹೌದೆನ್ನಲು ನನಗೆ ಮನಸ್ಸು ಬರಲಿಲ್ಲ. ಅನ್ನ ನೀಡಿದವರ ಮುಂದೆ ಇಲ್ಲವೆನ್ನಲೂ ಆಗಲಿಲ್ಲ. ಇಲ್ಲದ್ದನ್ನು ಇದೆ ಎನ್ನುವುದು ಸುಳ್ಳಲ್ಲವೆ?"

ಗುರುಗಳು ಮುತ್ತುಗದ ಎಲೆ ಹಚ್ಚುತ್ತಿದ್ದರು. ಕೈಯಲ್ಲಿದ್ದ ಎಲೆಗೆ ಕಡ್ಡಿ ಚುಚ್ಚಿ ಮುಗಿಸಿ, ಅದನ್ನು ಪಕ್ಕಕ್ಕಿಟ್ಟು, "ಕುಳಿತುಕೊ" ಎಂದರು. ಆಮೇಲೆ ಈ ಕತೆಯನ್ನು ಹೇಳಿದರು.

ಎರೆನೆಲದ ಸೀಮೆಯ ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಗಾರನಿದ್ದನು. ಕಂಡದ್ದನ್ನು ಕಂಡ ಹಾಗೆ ಗೋಡೆಗೆ ಇಳಿಸುವುದರಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಅವನು ಮಾವಿನ ಗೊಂಚಲು ಬರೆದರೆ ಮಕ್ಕಳು ಗೋಡೆ ನೆಕ್ಕುತ್ತಾರೆ ಎಂದು ಜನ ಹೇಳುತ್ತಿದ್ದರು. ಅವನ ಬಲವೆಲ್ಲ ಗೆರೆಯಲ್ಲಿತ್ತು. ಮೊದಲು ಗೆರೆ, ಆಮೇಲೆ ಬಣ್ಣ ಎಂಬುದು ಅವನಿಗೆ ತಂದೆ ಕಲಿಸಿದ ಪಾಠ. ಗೆರೆ ಸರಿಯಾಗಿ ಬಿದ್ದರೆ ಬಣ್ಣ ತಾನಾಗಿಯೇ ಬಂದು ಕೂರುತ್ತದೆ ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದನು, ಕೇಳದವರಿಗೂ ಹೇಳುತ್ತಿದ್ದನು. ವಯಸ್ಸಾಗಿತ್ತು. ಕೈ ಮಾತ್ರ ನಡುಗುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಅದೇ ಪಟ್ಟಣದಲ್ಲಿ ಒಬ್ಬ ಹತ್ತಿಯ ವರ್ತಕನಿದ್ದನು. ಒಂದು ದಿನ ಅವನು ಚಿತ್ರಗಾರನ ಮನೆಗೆ ಬಂದು, "ನನ್ನ ಪಡಸಾಲೆಯ ಗೋಡೆಯ ಮೇಲೆ ಒಂದು ಬೆಟ್ಟ ಬರೆದುಕೊಡಬೇಕು" ಎಂದನು.

"ಯಾವ ಬೆಟ್ಟ?"

"ನನ್ನ ಹೆಂಡತಿಯ ತವರಿನ ಬೆಟ್ಟ."

ವರ್ತಕ ತನ್ನ ಸಂಗತಿಯನ್ನು ಹೇಳಿಕೊಂಡನು. ವಯಸ್ಸಿನಲ್ಲಿದ್ದಾಗ ಅವನು ಹೇರೆತ್ತುಗಳೊಡನೆ ಬೆಟ್ಟ ದಾಟಿ ಕಡಲ ಕಡೆಗೆ ಹೋಗುತ್ತಿದ್ದನು. ಒಂದು ಸಲ ದಾರಿಯಲ್ಲಿ ಜ್ವರ ಬಂದು ಬಿದ್ದನು. ಬೆಟ್ಟದ ಮೇಲೆ ದನ ಕಾಯುವ ಜನರ ಒಂದು ಸಣ್ಣ ಹಟ್ಟಿಯಿತ್ತು. ಅವರು ಅವನನ್ನು ಎತ್ತಿಕೊಂಡು ಹೋಗಿ ಗಂಜಿ ಕುಡಿಸಿ ಬದುಕಿಸಿದರು. ತನ್ನನ್ನು ಉಳಿಸಿದ ಮನೆಯ ಮಗಳನ್ನೇ ಅವನು ಕೇಳಿ ಮದುವೆಯಾದನು.

ಅವಳು ಬಯಲಿಗೆ ಬಂದಳು. ಅವಳ ಮಾತಿನ ರಾಗವೇ ಬೇರೆ. ಮನೆಯ ಹೆಂಗಸರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ; ಆದರೂ ಅವಳು ಮಾತು ಕಡಿಮೆ ಮಾಡಿದಳು. ವರ್ತಕ ವ್ಯಾಪಾರದ ಮೇಲೆ ಊರೂರು ತಿರುಗುತ್ತಿದ್ದನು. ಹೀಗೆ ವರ್ಷಗಳು ಕಳೆದವು. ಆಮೇಲೆ ಬೆಟ್ಟದಿಂದ ಸುದ್ದಿ ಬಂತು. ತಂದೆ ತೀರಿಕೊಂಡಿದ್ದನು. ಅಣ್ಣಂದಿರು ದನಗಳನ್ನು ಹೊಡೆದುಕೊಂಡು ಬೇರೆ ಹುಲ್ಲುಗಾವಲು ಹುಡುಕಿ ಹೋಗಿದ್ದರು. ಎಲ್ಲಿಗೆ ಎಂದು ಹೇಳುವವರಿರಲಿಲ್ಲ. ಹಟ್ಟಿ ಖಾಲಿಯಾಗಿತ್ತು.

ಅಲ್ಲಿಂದ ಮುಂದೆ ಅವಳು ಉಂಡೆಯಾ ಎಂದರೆ ಹೂಂ ಎನ್ನುವಳು, ಮಲಗಿದೆಯಾ ಎಂದರೆ ಹೂಂ ಎನ್ನುವಳು. ಅದಕ್ಕಿಂತ ಹೆಚ್ಚಿನ ಮಾತಿಲ್ಲ. ತಟ್ಟೆಯಲ್ಲಿ ಹಾಕಿದ್ದು ತಟ್ಟೆಯಲ್ಲೇ ಉಳಿಯುತ್ತಿತ್ತು. ಮೈ ಕಡ್ಡಿಯಾಗುತ್ತ ಬಂತು. ವೈದ್ಯನು ನಾಡಿ ಹಿಡಿದು ನೋಡಿ, "ರೋಗವೇನೂ ನನಗೆ ಸಿಕ್ಕುತ್ತಿಲ್ಲ. ಆದರೆ ಹೀಗೆಯೇ ಬಿಟ್ಟರೆ ಈಕೆ ಉಳಿಯುವುದಿಲ್ಲ" ಎಂದಿದ್ದನು.

"ತವರಿಗೆ ಕರೆದುಕೊಂಡು ಹೋಗೋಣವೆಂದರೆ ಅಲ್ಲಿ ತವರೇ ಇಲ್ಲ. ಗೋಡೆಯ ಮೇಲಾದರೂ ಅವಳ ಬೆಟ್ಟ ಇರಲಿ ಎಂದು ನನಗೆ ತೋಚಿತು. ನಿಮ್ಮಿಂದಲ್ಲದೆ ಇನ್ನಾರಿಂದಲೂ ಇದು ಆಗದು" ಎಂದು ವರ್ತಕ ಹೇಳಿದನು.

ಚಿತ್ರಗಾರ ಒಪ್ಪಿದನು. ಹೆಂಗಸೊಬ್ಬಳ ಜೀವ ತನ್ನ ಕೈಯ ಗೆರೆಯ ಮೇಲೆ ನಿಂತಿದೆ ಎಂಬುದು ಅವನಿಗೆ ಭಾರವೆನಿಸಲಿಲ್ಲ. ಒಳಗೊಳಗೆ ಸಂತೋಷವೇ ಆಯಿತು.

ಅವನು ಗಾಡಿ ಕಟ್ಟಿಸಿಕೊಂಡು ಬೆಟ್ಟದ ಬುಡಕ್ಕೆ ಹೋದನು. ಬೆಟ್ಟ ಪೂರ್ತಿಯಾಗಿ ಕಾಣುವ ಒಂದು ದಿಬ್ಬವನ್ನು ಹುಡುಕಿ ಅಲ್ಲಿ ಬಿಡಾರ ಮಾಡಿದನು. ಬೆಳಗಿನಿಂದ ಸಂಜೆಯವರೆಗೆ ನೋಡಿದನು. ನೆತ್ತಿಯ ಬಂಡೆ, ಅದರ ಪಕ್ಕದ ಸೀಳು, ನಡುವಿನ ಹುಲ್ಲಿನ ಇಳಿಜಾರು, ಕೆಳಗಿನ ಕಾಡಿನ ಅಂಚು, ಒಂದನ್ನೂ ಬಿಡದೆ ಗೆರೆಯಲ್ಲಿ ಹಿಡಿದನು. ತಿರುಗಿ ಬಂದು ವರ್ತಕನ ಗೋಡೆಯ ಮೇಲೆ ಬರೆದನು.

ಚಿತ್ರ ಮುಗಿದ ದಿನ ಊರಿಗೆ ಊರೇ ನೋಡಲು ಬಂತು. ಆ ದಾರಿಯಲ್ಲಿ ಓಡಾಡಿದ್ದ ಹೇರಿನವರೂ ಬಂದರು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆಯೇ, "ಅದೇ ಬೆಟ್ಟ. ನಾವು ನೀರು ಕುಡಿಯುವ ಝರಿಯೂ ಅಲ್ಲೇ ಇದೆ" ಎಂದರು. ಚಿತ್ರಗಾರ ಅಡಿಕೆ ಮೆಲ್ಲುತ್ತ ಜಗುಲಿಯ ಮೇಲೆ ಕುಳಿತಿದ್ದನು. ಅವನಿಗೆ ಹೊಗಳಿಕೆ ಹೊಸದಲ್ಲ, ಬೇಸರವೂ ಅಲ್ಲ.

ಜನ ಹೋದ ಮೇಲೆ ವರ್ತಕ ಹೆಂಡತಿಯನ್ನು ಕರೆತಂದನು. ಅವಳು ಗೋಡೆಯ ಮುಂದೆ ನಿಂತು ನೋಡಿದಳು. "ಚೆನ್ನಾಗಿದೆ" ಎಂದಳು. ಹಿಟ್ಟು ನಾದುವುದಿದೆ ಎಂಬಂತೆ ಒಳಗೆ ಹೊರಟುಹೋದಳು.

ವರ್ತಕನ ಮುಖ ಇಳಿಯಿತು. ಆದರೂ ಅವನು ಆಡಿದ ಮಾತಿನಂತೆ ಶಾಲು ಹೊದಿಸಿ ಚಿತ್ರಗಾರನಿಗೆ ಮರ್ಯಾದೆ ಮಾಡಿದನು.

ಚಿತ್ರಗಾರ ಅಂದೇ ಮನೆಗೆ ಹೋಗಿ ಅದನ್ನು ಮರೆಯಬಹುದಾಗಿತ್ತು. ಮರೆಯಲಿಲ್ಲ. ಚೆನ್ನಾಗಿದೆ ಎಂಬ ಆ ಮಾತು ಅವನಿಗೆ ಮುಳ್ಳಿನ ಹಾಗೆ ನಟ್ಟಿತು. ಪರರ ಮಗುವನ್ನು ತೋರಿಸಿದಾಗ ಚೆನ್ನಾಗಿದೆ ಎನ್ನುತ್ತಾರಲ್ಲ, ಅವಳು ಹಾಗೆ ಹೇಳಿದ್ದಳು. ತನ್ನ ಮಗುವನ್ನು ಕಂಡವರು ಹಾಗೆ ಹೇಳುವುದಿಲ್ಲ.

ಮರುದಿನ ಅವನು ವರ್ತಕನ ಮನೆಗೆ ಬಂದು ಊಟಕ್ಕೆ ಕುಳಿತಾಗ ಅವಳು ರೊಟ್ಟಿ ಬಡಿಸಲು ಬಂದಳು. ವರ್ತಕನೂ ಪಕ್ಕದಲ್ಲಿ ಉಣ್ಣುತ್ತಿದ್ದನು. ಚಿತ್ರಗಾರ ಕೈ ತಡೆದು ಕೇಳಿದನು.

"ತಾಯಿ, ಚಿತ್ರದಲ್ಲಿ ಎಲ್ಲಿ ತಪ್ಪಿದ್ದೇನೆ? ಹೇಳಿದರೆ ತಿದ್ದುತ್ತೇನೆ."

"ತಪ್ಪೇನಿಲ್ಲ, ಅಪ್ಪ. ಅದು ಯಾವ ಬೆಟ್ಟ?"

"ನಿಮ್ಮದೇ ಬೆಟ್ಟವಲ್ಲವೆ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ತಮಾಷೆ ಮಾಡುತ್ತಿಲ್ಲ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮ ಬೆಟ್ಟ ಹೊರಗಿನಿಂದ ಹಾಗಿದೆಯೆ?" ಎಂದಳು. "ನಾನು ನೋಡಿಲ್ಲ. ಅಲ್ಲಿಂದ ಇಳಿದದ್ದು ಮದುವೆಯ ದಿನ ಒಂದೇ ಸಲ. ಹೆಣ್ಣು ಹಿಂದಿರುಗಿ ನೋಡಬಾರದು ಎಂದು ಹಿರಿಯರು ಹೇಳಿದ್ದರು. ಸೆರಗು ಮುಖದ ಮೇಲಿತ್ತು. ಬೆಟ್ಟದ ಮೇಲಿದ್ದವರಿಗೆ ಬೆಟ್ಟ ಎಲ್ಲಿ ಕಾಣುತ್ತದೆ, ಅಪ್ಪ?"

ಚಿತ್ರಗಾರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದನು.

"ಹಾಗಾದರೆ ನಿಮಗೆ ಅಲ್ಲಿ ಏನು ಕಾಣುತ್ತಿತ್ತು?" ಎಂದು ಕೇಳಿದನು.

ಅವಳು ಹೇಳಬೇಕೆಂದು ಬಾಯಿ ತೆರೆದಳು. ಮಾತು ಸಿಗಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಆದರೆ ಅಷ್ಟು ಮಾತನ್ನು ಅವಳು ಆ ಮನೆಯಲ್ಲಿ ಆಡಿ ಬಹುಕಾಲವಾಗಿತ್ತು. ವರ್ತಕ ಉಣ್ಣುವುದನ್ನು ನಿಲ್ಲಿಸಿ ಅವಳು ಹೋದ ದಾರಿಯನ್ನೇ ನೋಡುತ್ತಿದ್ದನು.

"ನಾನು ಮತ್ತೊಮ್ಮೆ ಹೋಗಿಬರಬೇಕು" ಎಂದನು ಚಿತ್ರಗಾರ.

"ಗೋಡೆ ನಿಮ್ಮದು. ಏನು ಬೇಕಾದರೂ ಮಾಡಿ. ಅವಳು ನಾಲ್ಕು ಮಾತಾಡುವಂತಾದರೆ ಸಾಕು" ಎಂದನು ವರ್ತಕ.

ಈ ಸಲ ಚಿತ್ರಗಾರ ದಿಬ್ಬದ ಬಳಿ ನಿಲ್ಲಲಿಲ್ಲ. ಬೆಟ್ಟವನ್ನು ಹತ್ತಿದನು. ಹಟ್ಟಿಯಿದ್ದ ಜಾಗದಲ್ಲಿ ಕಲ್ಲಿನ ಮೊಂಡುಗೋಡೆಗಳು ಉಳಿದಿದ್ದವು. ಒಂದು ಮನೆಯ ಗೋಡೆಗಳ ಮೇಲೆ ಹುಲ್ಲು ಹೊದಿಸಿ ಅದರೊಳಗೆ ಇದ್ದುಕೊಂಡನು. ರಾಗಿಹಿಟ್ಟು ಜೊತೆಗಿತ್ತು. ನೀರು ಹತ್ತಿರವಿತ್ತು.

ಬೆಳಿಗ್ಗೆ ಎದ್ದು ಬರೆಯಲು ಕುಳಿತರೆ ಮಂಜು. ಎದುರಿಗೆ ಏನೂ ಇಲ್ಲ. ಮಂಜು ಕರಗಿದ ಮೇಲೆ ನೋಡಿದರೆ ಹುಲ್ಲು. ಅದಕ್ಕೆ ತುದಿಯಿಲ್ಲ, ಮೊದಲಿಲ್ಲ. ಗಾಳಿ ಬಂದರೆ ಒಂದು ಗಳಿಗೆ ಇದ್ದ ಹಾಗೆ ಇನ್ನೊಂದು ಗಳಿಗೆ ಇರುವುದಿಲ್ಲ. ಮೋಡದ ನೆರಳು ಅದರ ಮೇಲೆ ಹಾದುಹೋಗುತ್ತದೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗೆರೆಯೆಳೆಯಲು ಹೋದರೆ ನೆರಳು ಅಲ್ಲಿರುವುದಿಲ್ಲ. ಒಂದು ನೋಟವಾದರೂ ಸಿಗಲಿ ಎಂದು ಅವನು ನೆತ್ತಿಯ ಬಂಡೆಯನ್ನು ಹತ್ತಿದನು. ಅಲ್ಲಿಂದ ಕಂಡದ್ದು ಬಯಲು. ತಾನು ಬಿಟ್ಟುಬಂದ ಬಯಲು.

ಅವನಿಗೆ ಸಿಟ್ಟು ಬಂತು. ಬೆಟ್ಟ ತನ್ನನ್ನು ಗೇಲಿ ಮಾಡುತ್ತಿದೆ ಎನ್ನಿಸಿತು. ಇಷ್ಟು ವಯಸ್ಸಾದ ಮೇಲೆ ಕೈ ಕಟ್ಟಿಕೊಂಡು ಕೂರುವಂತಾಯಿತಲ್ಲ ಎಂದು ನಾಚಿಕೆಯೂ ಆಯಿತು. ಇಳಿದುಹೋಗೋಣ ಎಂದುಕೊಂಡನು. ಇದ್ದ ಚಿತ್ರಕ್ಕೆ ಒಂದು ಹಟ್ಟಿ, ನಾಲ್ಕು ದನ ಸೇರಿಸಿದರೆ ವರ್ತಕನಿಗೆ ಸಮಾಧಾನವಾದೀತು. ಹೀಗೆ ಯೋಚಿಸಿ ಒಂದು ಮುಂಜಾನೆ ಗಂಟು ಕಟ್ಟಿ ಹೊರಟನು.

ಅರ್ಧ ದಾರಿಗೂ ಬಂದಿರಲಿಲ್ಲ, ಮಂಜು ಕವಿಯಿತು. ಹಿಂದೆ ಕಂಡಂಥ ಮಂಜಲ್ಲ. ಚಾಚಿದ ಕೈಯೇ ಕಾಣದಾಯಿತು. ಒಂದು ಹೆಜ್ಜೆ ಇಟ್ಟನು. ಕಾಲ ಕೆಳಗಿನ ಕಲ್ಲು ಜಾರಿ ಹೋಯಿತು. ಅದು ಎಲ್ಲೋ ಆಳದಲ್ಲಿ ಬಿದ್ದ ಸದ್ದು ತಡವಾಗಿ ಕೇಳಿಸಿತು. ಅವನು ಅಲ್ಲೇ ಕುಳಿತುಬಿಟ್ಟನು. ಒಂದು ಹುಲ್ಲಿನ ಬುಡವನ್ನು ಎರಡೂ ಕೈಯಿಂದ ಹಿಡಿದುಕೊಂಡನು. ಜೀವದ ಆಸೆ ಅಷ್ಟು ದೊಡ್ಡದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಎಷ್ಟು ಹೊತ್ತು ಹಾಗೆ ಕುಳಿತಿದ್ದನೋ. ಮೊದಲು ಹೆದರಿಕೆಯಿತ್ತು. ಹೆದರಿ ಹೆದರಿ ಸಾಕಾದ ಮೇಲೆ ಕಣ್ಣು ತನ್ನ ಕೆಲಸವನ್ನು ತಾನೇ ಶುರುಮಾಡಿತು. ಬಿಳಿ ಎಂದುಕೊಂಡಿದ್ದು ಬಿಳಿಯಾಗಿರಲಿಲ್ಲ. ಒಂದು ಕಡೆ ಅದು ಹಾಲಿನಂತಿತ್ತು. ಒಂದು ಕಡೆ ಒಲೆಯ ಹೊಗೆಯಂತೆ ನೀಲಿ ಬೆರೆತಿತ್ತು. ತಗ್ಗಿನ ಕಡೆ ಕಪ್ಪಾಗುತ್ತಿತ್ತು. ಎತ್ತರದ ಕಡೆ ತಿಳಿಯಾಗುತ್ತಿತ್ತು. ಕಾಲ ಬಳಿಯ ಮಣ್ಣು ಒದ್ದೆಯಾಗಿ ಕೆಂಪಗಿತ್ತು. ಅದರ ಮೇಲೆ ಹುಲ್ಲಿನ ಬೆಳ್ಳನೆಯ ಹಳದಿ. ಅವನು ಅದನ್ನೇ ನೋಡುತ್ತ ಕುಳಿತನು. ಒಂದು ಹೊತ್ತಿನಲ್ಲಿ, ತಾನು ಬೆಟ್ಟವನ್ನು ನೋಡುತ್ತಿಲ್ಲ, ಬೆಟ್ಟದಲ್ಲಿ ಇದ್ದೇನೆ ಎಂದು ಅವನಿಗೆ ಅರಿವಾಯಿತು. ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಆ ಹೆಂಗಸು ಹೇಳಲು ಹೋಗಿ ಹೇಳಲಾರದೆ ಹೋದದ್ದು ಏನೆಂದು ಹೊಳೆಯಿತು.

ಮಂಜು ಎದ್ದಾಗ ನೋಡಿದರೆ, ಅವನು ಕುಳಿತ ಜಾಗದಿಂದ ಕೊರಕಲು ಒಂದು ಮಾರು ದೂರದಲ್ಲಿತ್ತು. ಅವನು ಗಂಟನ್ನು ಹೆಗಲಿಗೇರಿಸಿ ಮತ್ತೆ ಮೇಲಕ್ಕೆ ನಡೆದನು.

ಆಮೇಲೆ ಅವನು ಆ ಮೊಂಡುಗೋಡೆಗಳ ನಡುವೆ ಬಹಳ ದಿನ ಇದ್ದನು. ಕುಂಚವನ್ನು ಮುಟ್ಟಲಿಲ್ಲ. ಸೌದೆ ಹೊತ್ತು ತಲೆಬಾಗಿಸಿ ನಡೆದರೆ ಏನು ಕಾಣುತ್ತದೆ ಎಂದು ಹೊತ್ತು ನೋಡಿದನು. ಹುಲ್ಲಿನಲ್ಲಿ ಅಂಗಾತ ಮಲಗಿ ನೋಡಿದನು. ಒಲೆಯ ಮುಂದೆ ಕುಳಿತು ಬಾಗಿಲ ಕಡೆ ನೋಡಿದನು. ಬರುವಾಗ ಅಲ್ಲಿಯ ಕೆಮ್ಮಣ್ಣು, ಜೇಡಿಮಣ್ಣು, ಸುಟ್ಟ ಹುಲ್ಲಿನ ಕರಿ ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದನು.

ಊರಿಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ, ಊರೆಲ್ಲ ಹೊಗಳಿದ್ದ ತನ್ನ ಬೆಟ್ಟದ ಮೇಲೆ ತಾನೇ ಸುಣ್ಣ ಬಳಿದದ್ದು. ವರ್ತಕ ನೋಡಿ ಎದೆ ಹಿಡಿದುಕೊಂಡನು. ಆದರೆ ಗೋಡೆ ನಿಮ್ಮದು ಎಂದು ಮಾತು ಕೊಟ್ಟಿದ್ದನು. ಇದಕ್ಕಿಂತ ಚೆನ್ನಾದದ್ದು ಬರುತ್ತದೆ ಎಂದು ನಂಬಿ ಸುಮ್ಮನಾದನು. ಚಿತ್ರಗಾರ ಅಡ್ಡಲಾಗಿ ಒಂದು ಜಮಖಾನ ಕಟ್ಟಿಸಿ ಅದರ ಹಿಂದೆ ಕೆಲಸಕ್ಕೆ ನಿಂತನು.

ಅವನ ಕೈ ಗೆರೆಯನ್ನು ಹುಡುಕುತ್ತಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಗೆರೆ ಬಿದ್ದ ಕಡೆ ಅವನು ಒದ್ದೆ ಬಟ್ಟೆಯಿಂದ ಒರಸಿದನು. ಕೈ ಮತ್ತೆ ಗೆರೆಯೆಳೆಯಿತು. ಮತ್ತೆ ಒರಸಿದನು. ಕೊನೆಗೆ ಕುಂಚವನ್ನು ಕೆಳಗಿಟ್ಟು ಅಂಗೈಯಿಂದಲೇ ಬಣ್ಣ ಹಚ್ಚಿದನು. ಆಗ ಗೆರೆ ಬರುವುದು ನಿಂತಿತು.

ಜಮಖಾನ ತೆಗೆದ ದಿನ ಮತ್ತೆ ಊರು ಸೇರಿತು. ಗೋಡೆಯ ಅಡಿಯಲ್ಲಿ ಒದ್ದೆಗೆಂಪು. ಅದರ ಮೇಲೆ ಅಗಲಕ್ಕೂ ಹಳದಿಯೋ ಬಿಳಿಯೋ ಎಂದು ಹೇಳಲಾಗದ ಒಂದು ಬೀಸು. ಅದರ ಮೇಲೆ ಹಾಲು ಬಣ್ಣ, ಅದು ಎಲ್ಲಿಯೂ ಮುಗಿಯುತ್ತಿರಲಿಲ್ಲ. ಒಂದು ಬದಿಯಲ್ಲಿ ಹೊಗೆನೀಲಿ. ಅಷ್ಟೆ. ಶಿಖರವಿಲ್ಲ, ಝರಿಯಿಲ್ಲ, ಮರವೊಂದೂ ಇಲ್ಲ.

ಜನ ದೂರ ನಿಂತು ನೋಡಿದರು. ಆಮೇಲೆ ಒಬ್ಬನು, "ಗೋಡೆಗೆ ನೀರು ಇಳಿದಂತಿದೆಯಲ್ಲ" ಎಂದನು. ಇನ್ನೊಬ್ಬನು, "ಪಾಪ, ವಯಸ್ಸಾಯಿತು" ಎಂದನು. ಹೇರಿನವರು ಅಲ್ಲಿ ಇಲ್ಲಿ ನಿಂತು ನೋಡಿ ತಮ್ಮ ಝರಿಯನ್ನು ಹುಡುಕಿದರು, ಸಿಗದೆ ನಕ್ಕರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು.

ಅವರೆಲ್ಲ ಹೋದ ಮೇಲೆ ವರ್ತಕ ಚಿತ್ರಗಾರನ ಮುಂದೆ ಬಂದು ನಿಂತನು. ಅವನ ದನಿ ಏರಲಿಲ್ಲ.

"ನಿಮ್ಮ ವಯಸ್ಸಿಗೆ ನಾನು ಏನೂ ಅನ್ನಬಾರದು. ಆದರೆ ನನ್ನ ಮನೆಯನ್ನು ನಗೆಪಾಟಲು ಮಾಡಿದಿರಿ. ನಾಳೆ ಇದಕ್ಕೆ ಸುಣ್ಣ ಬಳಿಸುತ್ತೇನೆ" ಎಂದನು. ಸುಣ್ಣಕ್ಕೆ ಆಳನ್ನು ಗೊತ್ತುಮಾಡಲು ಹೊರಗೆ ಹೋದನು.

ಚಿತ್ರಗಾರ ಜಗುಲಿಯ ಮೇಲೆ ಕುಳಿತನು. ಕೈಯ ಬಣ್ಣ ಒಣಗಿ ಬಿರಿಯುತ್ತಿತ್ತು. ಜನರ ನಗು ಅವನಿಗೆ ಅಷ್ಟಾಗಿ ತಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಒಂದು ಅವನ ಒಳಗೇ ಎದ್ದಿತ್ತು. ಅವರು ಹೇಳಿದ್ದು ಸರಿಯಿದ್ದರೆ? ತಾನು ಬೆಟ್ಟದ ಮೇಲೆ ಹೆದರಿ ಕುಳಿತು ಕಂಡದ್ದು ಹೆದರಿದವನ ಭ್ರಮೆಯಾಗಿದ್ದರೆ? ಗೆರೆಯನ್ನು ಬಿಟ್ಟವನಿಗೆ ಇನ್ನು ಯಾರೂ ಗೋಡೆ ಕೊಡುವುದಿಲ್ಲ. ಅದೂ ಹೋಗಲಿ, ಒಳಗಿರುವ ಆ ಹೆಂಗಸಿನ ಗತಿಯೇನು? ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕುಳಿತನು.

ಅಷ್ಟರಲ್ಲಿ ಅವಳು ಪೊರಕೆ ಹಿಡಿದು ಪಡಸಾಲೆಗೆ ಬಂದಳು. ಜನ ತುಳಿದ ನೆಲವನ್ನು ಗುಡಿಸತೊಡಗಿದಳು. ತಲೆ ತಗ್ಗಿತ್ತು. ಗುಡಿಸುತ್ತ ಗುಡಿಸುತ್ತ ಗೋಡೆಯ ಬಳಿಗೆ ಬಂದಳು. ಪೊರಕೆ ನಿಂತಿತು.

ಬಂದವರೆಲ್ಲ ಆ ಚಿತ್ರವನ್ನು ದೂರ ನಿಂತು ನೋಡಿದ್ದರು. ಕೆಲವರು ಇನ್ನೂ ಹಿಂದೆ ಹಿಂದೆ ಸರಿದು ನೋಡಿದ್ದರು. ಅವಳು ಹಾಗೆ ಮಾಡಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಅಲ್ಲಿ ನಿಂತವರಿಗೆ ಗೋಡೆಯ ಅಂಚು ಕಾಣುವುದಿಲ್ಲ. ಕಣ್ಣು ತುಂಬ ಆ ಹಾಲು ಬಣ್ಣವೇ. ಹಾಗೆಯೇ ಬಹಳ ಹೊತ್ತು ನಿಂತಳು. ಚಿತ್ರಗಾರ ಜಗುಲಿಯಿಂದ ನೋಡುತ್ತಿದ್ದನು.

"ಕರು ತಪ್ಪಿಸಿಕೊಂಡ ದಿನ ಹೀಗೇ ಇತ್ತು" ಎಂದಳು ಅವಳು.

ಯಾರಿಗೂ ಹೇಳಿದ್ದಲ್ಲ. ಗೋಡೆಗೆ ಹೇಳಿದಳು. ಆದರೆ ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ತವರಿನ ರಾಗದಲ್ಲೇ ಹೇಳುತ್ತ ಹೋದಳು. ಚಿಕ್ಕವಳಿದ್ದಾಗ ಅವಳು ಒಂದು ಕರುವನ್ನು ಹುಡುಕಿ ಮಂಜಿನಲ್ಲಿ ಹೋಗಿದ್ದಳಂತೆ. ದಾರಿ ತಪ್ಪಿತಂತೆ. ಅಪ್ಪ ಕೂಗುವುದು ಕೇಳುತ್ತಿತ್ತಂತೆ; ಯಾವ ಕಡೆಯಿಂದ ಎಂದು ತಿಳಿಯುತ್ತಿರಲಿಲ್ಲವಂತೆ. ಓಡಬಾರದು, ಕುಳಿತುಕೊಳ್ಳಬೇಕು ಎಂದು ಅಪ್ಪ ಕಲಿಸಿದ್ದನು. ಹುಲ್ಲು ಹಿಡಿದು ಕುಳಿತಳಂತೆ. ಒಂದು ಹೊತ್ತಿನಲ್ಲಿ ಏನೋ ಒದ್ದೆಯಾದದ್ದು ಬಂದು ಅವಳ ಕೈ ನೆಕ್ಕಿತಂತೆ. ಅವಳು ಹುಡುಕಲು ಹೋದ ಕರು ಅವಳನ್ನು ಹುಡುಕಿಕೊಂಡು ಬಂದಿತ್ತು. ಅದರ ಮೈಗೆ ಮೈ ಒತ್ತಿ ಕುಳಿತವಳಿಗೆ ನಿದ್ದೆ ಬಂತಂತೆ. ಎಚ್ಚರವಾದಾಗ ಅಪ್ಪನ ಬೆನ್ನ ಮೇಲಿದ್ದಳು. ಅವನ ಕಂಬಳಿ ಹೊಗೆಯ ವಾಸನೆ ಹೊಡೆಯುತ್ತಿತ್ತು. ಅವನು ಬಯ್ಯಲಿಲ್ಲವಂತೆ.

ಹೇಳುತ್ತ ಅವಳ ಕಣ್ಣಿನಿಂದ ನೀರು ಹರಿಯುತ್ತಿತ್ತು. ಕರು ಕೈ ನೆಕ್ಕಿದ್ದನ್ನು ಹೇಳುವಾಗ ನಕ್ಕಳು. ಅವಳ ನಗು ಹಾಗಿರುತ್ತದೆ ಎಂದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ವರ್ತಕ ಆಗಲೇ ಹಿಂತಿರುಗಿ ಬಂದಿದ್ದನು. ಹೊಸ್ತಿಲಲ್ಲಿ ನಿಂತಿದ್ದನು. ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ಅವಳು ಮಾತು ಮುಗಿಸಿ ಸೆರಗಿನಿಂದ ಮುಖ ಒರಸಿಕೊಂಡಾಗ ಅವನು ಕೇಳಿದನು.

"ಆ ಕರುವಿನ ಹೆಸರೇನು?"

ಅವಳು ಬೆಚ್ಚಿ ತಿರುಗಿದಳು. ಗಂಡನ ಮುಖವನ್ನು ನೋಡಿದಳು. ಅವನು ನಗುತ್ತಿರಲಿಲ್ಲ.

"ಕೆಂದಿ" ಎಂದಳು.

ವರ್ತಕ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಪಕ್ಕಕ್ಕಿಟ್ಟು, ಗುಡಿಸದೆ ಉಳಿದಿದ್ದ ನೆಲದ ಮೇಲೆ ಹಾಗೆಯೇ ಕುಳಿತನು. "ಆಮೇಲೆ ಅದು ದೊಡ್ಡದಾಯಿತೆ? ಈದಿತೆ?" ಎಂದು ಕೇಳಿದನು. ಅವಳೂ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಕೆಂದಿಯ ಮಕ್ಕಳು ಮರಿಮಕ್ಕಳ ಸಂಗತಿಯೆಲ್ಲ ಬಂತು. ಒಲೆಯ ಮೇಲಿಟ್ಟ ಸಾರು ಹೊತ್ತಿತು. ಇಬ್ಬರಿಗೂ ಅದು ತಿಳಿಯಲಿಲ್ಲ.

ಚಿತ್ರಗಾರ ಜಗುಲಿಯಿಂದ ಸದ್ದಿಲ್ಲದೆ ಇಳಿದು ಮನೆಗೆ ಹೋದನು.

ಮರುದಿನ ಸುಣ್ಣದ ಆಳು ಬಂದನು. ವರ್ತಕ ಅವನಿಗೆ ಹಿತ್ತಲಿನ ಗೋಡೆ ತೋರಿಸಿದನು.

ಅಂದಿನಿಂದ ವರ್ತಕ ವ್ಯಾಪಾರ ಮುಗಿಸಿ ಸಂಜೆ ಮನೆಗೆ ಬಂದು ಆ ಪಡಸಾಲೆಯಲ್ಲಿ ಕೂರುವನು. ಇವತ್ತು ಏನು ಕಾಣುತ್ತದೆ ಎಂದು ಹೆಂಡತಿಯನ್ನು ಕೇಳುವನು. ಅವಳು ಹೇಳುವಳು. ನಿನ್ನೆ ಮಂಜಾಗಿದ್ದದ್ದು ಇವತ್ತು ಹಾಲು ಕಾಯಿಸುವ ಒಲೆಯ ಹೊಗೆಯಾಗುತ್ತಿತ್ತು. ಒದ್ದೆಗೆಂಪು ಒಂದು ದಿನ ಅವ್ವ ಸಾರಿಸಿದ ನೆಲ, ಇನ್ನೊಂದು ದಿನ ಅವ್ವನನ್ನು ಮಣ್ಣು ಮಾಡಿದ ಜಾಗ. ಒಂದೇ ಗೋಡೆ, ಅವಳಿಗೆ ಅದು ಮುಗಿಯಲಿಲ್ಲ. ಹೊಟ್ಟೆ ತುಂಬ ಉಂಡಳು, ಮೈ ತುಂಬಿಕೊಂಡಳು. ಮನೆಯ ಹೆಂಗಸರು ಕೆಲಸ ಬಿಟ್ಟು ಬಂದು ಕುಳಿತು ಕೇಳತೊಡಗಿದರು. ಅವಳ ರಾಗಕ್ಕೆ ಈಗ ಯಾರೂ ನಗಲಿಲ್ಲ. ಕೆಲವರ ಬಾಯಿಗೆ ಅದೇ ಬಂದುಬಿಟ್ಟಿತು. ವೈದ್ಯನು ಇದೆಲ್ಲ ತನ್ನ ಲೇಹ್ಯದ ಗುಣವೆಂದು ಹೇಳಿಕೊಂಡನು. ಅವನನ್ನು ಯಾರೂ ತಡೆಯಲಿಲ್ಲ.

ಊರಿನ ಸಿರಿವಂತರು ಕೆಲವರು ಚಿತ್ರಗಾರನ ಮನೆಗೆ ಬಂದು, ತಮಗೂ ಅಂಥದೇ ಗೋಡೆ ಬೇಕೆಂದರು. ಅವನು ಅವರನ್ನು ಕೂರಿಸಿ, "ನೀವು ಹುಟ್ಟಿ ಬೆಳೆದ ಕಡೆ ನಿಮಗೆ ಏನು ಕಾಣುತ್ತಿತ್ತು?" ಎಂದು ಕೇಳುವನು. ಕೆಲವರು ಯೋಚಿಸಿ ಹೇಳುವೆವೆಂದು ಹೋದರು. ಒಬ್ಬಿಬ್ಬರು ಹೇಳಲು ತಿರುಗಿ ಬಂದರು. ಅವರಿಗೆ ಅವನು ಬರೆದುಕೊಟ್ಟನು. ಉಳಿದಂತೆ ಅವನು ಮಾವಿನ ಗೊಂಚಲು ಬರೆಯುತ್ತ ತನ್ನ ಕಾಲವನ್ನು ಕಳೆದನು. ಗೆರೆ ಮೊದಲಿನಂತೆಯೇ ಬೀಳುತ್ತಿತ್ತು. ಅದರ ಬಗ್ಗೆ ಅವನು ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ, ಇನ್ನೊಂದು ಎಲೆಯನ್ನು ಕೈಗೆತ್ತಿಕೊಂಡರು.

ಅಡವಯ್ಯನಿಗೆ ಸಮಾಧಾನವಾಗಲಿಲ್ಲ. ಮತ್ತೆ ಕೇಳಿದನು.

"ಆ ಹೆಂಗಸು ಅಲ್ಲಿಯವಳು, ಅವಳಿಗೆ ಕಂಡಿತು. ಒಪ್ಪುತ್ತೇನೆ. ಆದರೆ ವರ್ತಕ ದಿನವೂ ಆ ಗೋಡೆಯ ಮುಂದೆ ಕುಳಿತನಲ್ಲ, ಗುರುಗಳೇ. ಕೊನೆಗಾದರೂ ಅವನಿಗೆ ಅದರಲ್ಲಿ ಬೆಟ್ಟ ಕಂಡಿತೆ?"

"ಇಲ್ಲ," ಎಂದರು ಗುರುಗಳು, "ಅವನಿಗೆ ಹೆಂಡತಿ ಕಂಡಳು."